ಥೀ, ಮಾಮಾ, ಛೀ

ಕಾಫಿ ಹೂ ಬಿಟ್ಟ ವಾರದಲ್ಲಿ ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಒಂದು ಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ವಾಸನೆ ಕಿಟಕಿಯಿಂದ ಒಳಗೆ ಬಂದು ಹಾಸಿಗೆ, ಅನ್ನದ ಪಾತ್ರೆ, ಮಡಿಸಿಟ್ಟ ಬಟ್ಟೆ ಎಲ್ಲದರಲ್ಲೂ ಕೂತುಬಿಡುತ್ತದೆ. ಅಡುಗೆಮನೆಗೆ ಹೋದವಳು ಯಾಕೆ ಬಂದೆ ಅಂತ ಮರೆತು ಬಾಗಿಲಲ್ಲೇ ನಿಲ್ಲುತ್ತೇನೆ. ಅಂಥ ಒಂದು ಮಧ್ಯಾಹ್ನ ಐದು ವರ್ಷದ ಆನ್‌ಆನ್ ನಮ್ಮ ಊಟದ ಮೇಜಿನ ಮುಂದೆ ಕೂತು ಒಂದು ಚಮಚ ಅನ್ನ ತಿಂದಳು. ಎರಡನೇ ಚಮಚ ಎತ್ತಿ ಹಿಡಿದು, ಎದುರಿಗೆ ಕೂತಿದ್ದ ನನ್ನ ಗಂಡನ ಕಡೆ ನೋಡುತ್ತ ಸ್ಪಷ್ಟವಾಗಿ ಹೇಳಿದಳು:

“ವೋ ಥೀ ಮಾಮಾ ಛೀ.”

ನಾವು ದೊಡ್ಡವರು ಮೂವರೂ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತೆವು. ಅವಳು ನಮ್ಮ ಮನೆಗೆ ಬಂದ ಮೇಲೆ ಆಡಿದ ಮೊದಲ ಮಾತು ಅದು. ‘ವೋ’ ಅಂದರೆ ಏನೆಂದು ತಿಳಿಯಲಿಲ್ಲ. ಉಳಿದದ್ದು ತಿಳಿಯಲು ಚೀನೀ ಭಾಷೆ ಬೇಕು ಅನ್ನಿಸಲಿಲ್ಲ. ನಮ್ಮ ಕಡೆ ಸೋದರತ್ತೆಯ ಗಂಡನನ್ನು ಮಾಮ ಎನ್ನುತ್ತೇವೆ. ಆ ಮಾಮನಿಗೆ ಈ ಕಡೆಯಿಂದ ಒಂದು ಥೀ, ಆ ಕಡೆಯಿಂದ ಒಂದು ಛೀ.

“ವಿಮಲಾ, ನಾನೇನ್ ಮಾಡ್ದೆ ಈ ಕೂಸಿಗೆ?” ಎಂದರು ನನ್ನ ಗಂಡ ಧರಣೇಂದ್ರ. ಅವರು ಯಾರಿಗೂ ಏನೂ ಮಾಡುವವರಲ್ಲ. ಕಾಳುಮೆಣಸಿನ ಬಳ್ಳಿಗೆ ನೋವಾದೀತೆಂದು ಮೆಲ್ಲಗೆ ಕಟ್ಟುವ ಮನುಷ್ಯ.

“ಮೀಸೆ ಕಂಡು ಪೇಡಿ ಆಯ್ತೇನೋ,” ಎಂದಳು ನನ್ನ ಅವ್ವ. ಹೆದರಿಕೆಗೆ ಅವ್ವ ಪೇಡಿ ಎಂದೇ ಹೇಳುವುದು. ಮಾನಂದವಾಡಿ ಸಂತೆಯ ಮಲಯಾಳ ಅವಳ ಕನ್ನಡದಲ್ಲಿ ಸೇರಿ ಎಷ್ಟೋ ಕಾಲವಾಯಿತು; ಮಗಳೇ ಎನ್ನುವುದೂ ಮೋಳೆ ಎಂದೇ. “ತಿನ್ ಮೋಳೆ, ತಿನ್. ಮಾಮಂಗೆ ಹಂಗೆಲ್ಲ ಅನ್ನಬಾರ್ದು.”

ಮರುದಿನ ಬೆಳಿಗ್ಗೆ ಇವರು ಮೀಸೆ ಬೋಳಿಸಿಕೊಂಡು ಬಂದರು. ಮದುವೆಯ ದಿನದಿಂದ ನೋಡಿದ್ದ ಮೀಸೆ. ಯಾರೋ ಅಪರಿಚಿತರು ಕನ್ನಡಿಯ ಮುಂದೆ ನಿಂತಿದ್ದಾರೆಂದು ನಾನು ಕಿರುಚುವುದೊಂದು ಬಾಕಿ. ಮಧ್ಯಾಹ್ನ ಆನ್‌ಆನ್ ಆ ಬೋಳು ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎರಡನೇ ಚಮಚ ಎತ್ತಿ ಮತ್ತೆ ಅದನ್ನೇ ಹೇಳಿದಳು. ಇವರು ತಟ್ಟೆ ತೆಗೆದುಕೊಂಡು ಜಗಲಿಗೆ ಹೋದರು. ಅಂದಿನಿಂದ ಅವರ ಊಟ ಅಲ್ಲೇ.

ಆನ್‌ಆನ್ ನನ್ನ ತಮ್ಮ ಪ್ರಸನ್ನನ ಮಗಳು. ಅವನು ಕುನ್ಮಿಂಗ್ ಎಂಬ ಊರಲ್ಲಿ ಕಾಫಿ ವ್ಯಾಪಾರದ ಕೆಲಸಕ್ಕೆ ಸೇರಿ, ಶ್ಯೂಮೇ ಎಂಬ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಉಳಿದಿದ್ದ. ಮದುವೆಯ ಫೋಟೋ ಬಂದಾಗ ಅವ್ವ, “ಏನೇನ್ ತಿಂತಾರೋ ಅವರು,” ಎಂದು ಮುಖ ತಿರುಗಿಸಿದ್ದಳು. ಜೈನರ ಮನೆ ನಮ್ಮದು. ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಬೆಳ್ಳುಳ್ಳಿ ಹೊಸ್ತಿಲು ದಾಟುವುದಿಲ್ಲ. ಸೊಸೆಯ ಹೆಸರನ್ನು ಅವ್ವ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ‘ಪ್ರಸನ್ನನ ಮನೆಯವಳು’ ಎನ್ನುತ್ತಿದ್ದಳು, ಅದೂ ಹೇಳಲೇಬೇಕಾದರೆ.

ಈಗ ಆ ಮನೆಯವಳ ಅನ್ನನಾಳದಲ್ಲಿ ಗೆಡ್ಡೆ. ಗಂಟಲಿನಿಂದ ಏನೂ ಇಳಿಯುತ್ತಿರಲಿಲ್ಲ, ಕೊಳವೆಯಲ್ಲಿ ಆಹಾರ. ಆಪರೇಷನ್‌ಗೆ ಮೊದಲು ದೀರ್ಘ ಚಿಕಿತ್ಸೆ ಬೇಕೆಂದಾಗ ಪ್ರಸನ್ನ ಮಗಳನ್ನು ತಂದು ನಮ್ಮ ಕೈಗಿಟ್ಟು, ಎರಡು ದಿನ ಇದ್ದು, ಕಣ್ಣು ಒರೆಸಿಕೊಂಡು ಹೊರಟುಹೋದ. ಆಸ್ಪತ್ರೆಯಿಂದ ಅವನು ಫೋನ್ ಮಾಡಿದಾಗ ಥೀ, ಛೀ ವಿಷಯ ಕೇಳೋಣವೆಂದರೆ ಧರಣೇಂದ್ರ ಬಿಡಲಿಲ್ಲ. “ಅವನಿಗಿರೋ ತಲೆನೋವು ಸಾಲದಾ? ಮಗುವಿನ ಮೇಲೆ ಚಾಡಿ ಬೇರೆ ಹೇಳ್ಬೇಕಾ?” ಎಂದರು.

ಹೆಸರಿನಿಂದಲೂ ಒಂದು ಪಜೀತಿಯಾಯಿತು. ಒಂದು ಸಂಜೆ ಹುಡುಗಿ ಕಾಫಿ ಗಿಡಗಳ ನಡುವೆ ಎಲ್ಲೋ ಕೂತಿದ್ದಳು. ಅವ್ವ ಅಂಗಳದಲ್ಲಿ ನಿಂತು “ಆನಾ! ಆನಾ!” ಎಂದು ಗಟ್ಟಿಯಾಗಿ ಕರೆದಳು. ಪಕ್ಕದ ತೋಟದ ವೇಲಾಯುಧನ್ ಪಟಾಕಿ, ಟಾರ್ಚು, ಒಡೆದ ತಗಡಿನ ಡಬ್ಬಿ ಎಲ್ಲ ಹಿಡಿದು ಓಡಿಬಂದರು. ನಮ್ಮೂರಲ್ಲಿ ಆನ ಎಂದು ಕೂಗಿದರೆ ಬರುವುದು ಒಂದೇ ಪ್ರಾಣಿ. ಗಿಡದ ಸಂದಿಯಿಂದ, ತಲೆತುಂಬ ಬಿಳಿ ಹೂ ಉದುರಿಸಿಕೊಂಡ ಆ ಪುಟ್ಟ ಆನೆ ಹೊರಬಂದಾಗ ಎಲ್ಲರೂ ನಕ್ಕೆವು. ಅವಳು ನಗಲಿಲ್ಲ. ತನ್ನ ಅಮ್ಮನ ಬೂದುಬಣ್ಣದ ಶಾಲನ್ನು ಎದೆಗೆ ಹಿಡಿದು ಒಳಗೆ ಹೋದಳು.

ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಮನೆಯಲ್ಲಿ ನನಗೇ ಅರ್ಥವಾಗದ ಮಾತು ಓಡಾಡುವುದನ್ನು ಎಷ್ಟು ದಿನ ಸಹಿಸಲಿ? ಫೋನಿಗೆ ಚೀನೀ ಕಲಿಸುವ ಆ್ಯಪ್ ಹಾಕಿಕೊಂಡೆ. ಊಟವಾದ ಮೇಲೆ ಹೂವಿನ ವಾಸನೆಯಲ್ಲಿ ಮಂಚದ ಮೇಲೆ ಒರಗಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ಆ ದೂರದ ಹೆಂಗಸು ಹೇಳಿದ್ದನ್ನೇ ಹೇಳುತ್ತಿದ್ದೆ. ಎಷ್ಟೋ ಸಲ ನಿದ್ದೆ ಹತ್ತಿಬಿಡುತ್ತಿತ್ತು. ಅವಳು ನಿದ್ದೆಯೊಳಗೂ ಹೇಳುತ್ತಲೇ ಇರುತ್ತಿದ್ದಳು. ವೋ ಎಂದರೆ ನಾನು. ಮಾಮಾ ಎಂದರೆ ಅಮ್ಮ ಎಂದು ಗೊತ್ತಾದ ದಿನ ಧಡಕ್ಕನೆ ಎದ್ದು ಕೂತೆ. ಜಗಲಿಗೆ ಓಡಿ ಇವರಿಗೆ ಹೇಳಿದೆ. ಇವರು ಬೋಳು ತುಟಿಯ ಮೇಲೆ ಬೆರಳಾಡಿಸಿಕೊಂಡು, “ಹಂಗಾದ್ರೆ ಅಮ್ಮನಿಗ್ಯಾಕೆ ಛೀ ಅಂತಾಳೆ?” ಎಂದರು. ಥೀ, ಛೀ ಇನ್ನೂ ಪಾಠದಲ್ಲಿ ಬಂದಿರಲಿಲ್ಲ. ಸೋದರತ್ತೆಗೆ ಗೂಗು ಎನ್ನಬೇಕು ಎಂಬುದನ್ನೂ ಅದೇ ದಿನ ಕಲಿತೆ. “ಗೂಗೆ ಅಂದ್ರೂ ನಿಂಗೆ ಸರಿಹೋಗ್ತದೆ,” ಎಂದಳು ಅವ್ವ.

ನಮಗೆ ಮಕ್ಕಳಿಲ್ಲ. ಇದನ್ನು ಮುಚ್ಚಿಟ್ಟು ಕಥೆ ಹೇಳಲಾರೆ. ಆ ಹುಡುಗಿ ಮಲಗಿದಾಗ ಅವಳ ಗಂಟುಗಟ್ಟಿದ ಕೂದಲನ್ನು ನೋಡುತ್ತ ಕೂರುತ್ತಿದ್ದೆ. ಬಾಚಲು ಯಾರನ್ನೂ ಬಿಡುತ್ತಿರಲಿಲ್ಲ. ಅವಳಿಗೆ ಒಂದು ಮಾತು ಹೇಳಬೇಕೆಂದು ನನಗೆ ಹಂಬಲ: ಹೆದರಬೇಡ, ಅಮ್ಮನ ಬದಲಿಗೆ ನಾನಿದ್ದೇನೆ. ಆ್ಯಪ್‌ನಲ್ಲಿ ‘ಬದಲಿಗೆ’ ಎಂದು ಹುಡುಕಿದೆ. ತಾಯ್‌ಥೀ ಎಂದು ಬಂತು. ತಾಯ್‌ಥೀ! ಒಳಗೆ ತಾಯಿಯನ್ನೇ ಇಟ್ಟುಕೊಂಡ ಶಬ್ದ. ನನಗಾಗಿಯೇ ಯಾರೋ ಮಾಡಿಟ್ಟಿದ್ದಾರೆ ಅನ್ನಿಸಿತು. ಪಾತ್ರೆ ತೊಳೆಯುವಾಗ, ಹೂ ಬಿದ್ದ ದಾರಿಯಲ್ಲಿ ನಡೆಯುವಾಗ ಅದನ್ನೇ ಗುನುಗಿದೆ.

ಸಂಜೆ ಊಟಕ್ಕೆ ಕೂತಾಗ ಅವಳ ಮುಂದೆ ಬಗ್ಗಿ, ನಗುನಗುತ್ತ, ಅಕ್ಷರ ಬಿಡಿಸಿ ಹೇಳಿದೆ: “ವೋ ತಾಯ್‌ಥೀ ಮಾಮಾ.”

ಆನ್‌ಆನ್ ಚಮಚ ಕೆಳಗಿಟ್ಟಳು. ಶಬ್ದವಾಗದ ಹಾಗೆ ಇಟ್ಟಳು. ಕುರ್ಚಿಯಿಂದ ಇಳಿದು ಕೋಣೆಗೆ ಹೋಗಿ ಅಮ್ಮನ ಶಾಲನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖಮಾಡಿ ಕೂತಳು. ಆಮೇಲೆ ಊಟ ಮುಟ್ಟಲಿಲ್ಲ. ಮರುದಿನವೂ ಇಲ್ಲ. ಗಂಧಕಸಾಲೆ ಅಕ್ಕಿಯ ಪಾಯಸ ಮಾಡಿ, ಅವ್ವ “ತಿನ್ ಮೋಳೆ, ಒಂದ್ ತುತ್ತು ತಿನ್,” ಎಂದು ಬೇಡಿಕೊಂಡರೂ ಇಲ್ಲ. ಸ್ವಲ್ಪ ಹಾಲು ಕುಡಿಸಲು ಧರಣೇಂದ್ರ ಪಟ್ಟ ಪಾಡು ಹೇಳತೀರದು. ಆಸ್ಪತ್ರೆಯಲ್ಲಿ ಒಬ್ಬಳು ತಿನ್ನಲಾರಳು, ಇಲ್ಲಿ ಇನ್ನೊಬ್ಬಳು ತಿನ್ನಲೊಲ್ಲಳು. ಆ ಎರಡನೆಯದಕ್ಕೆ ಕಾರಣ ನನ್ನ ಬಾಯಿ. ನಾನು ಕಾಫಿ ಗಿಡಗಳ ಸಂದಿಗೆ ಹೋಗಿ ಅತ್ತೆ.

ಮೂರನೇ ಬೆಳಿಗ್ಗೆ ಗೀತು ಬಂದಳು. ವೇಲಾಯುಧನ್‌ರ ಮಗಳು, ಚೀನಾದಲ್ಲಿ ಡಾಕ್ಟರ್ ಓದಿ ಬಂದವಳು. ಈಗ ಕೋಯಿಕ್ಕೋಡಿನಲ್ಲಿ ಕೆಲಸ ಕಲಿಯುತ್ತ ರಜೆಗೆ ಮನೆಗೆ ಬಂದಿದ್ದಳು. ಅವಳು ಮಾತಾಡುವುದು ಮಲಯಾಳ, ಅಕ್ಕ ಎನ್ನುವ ಅವಳ ‘ಚೇಚಿ’ಯೊಂದನ್ನು ಬಿಟ್ಟು ಉಳಿದದ್ದನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೇನೆ. ನಾನು ಆಡಿದ ವಾಕ್ಯ ಕೇಳಿ ಗೀತು ಹಣೆ ಚಚ್ಚಿಕೊಂಡಳು.

“ಅಯ್ಯೋ ಚೇಚಿ! ಅಮ್ಮನ್ನ ತೆಗ್ದು ಹಾಕಿ ಆ ಜಾಗಕ್ಕೆ ನಾನ್ ಬಂದೆ ಅಂದಿದ್ದೀರಿ ಮಗುವಿಗೆ. ಬಲ್ಬ್ ಹೋದ್ರೆ ಬೇರೆ ಬಲ್ಬ್ ಹಾಕ್ತೀವಲ್ಲ, ಹಾಗೆ.”

“ಅಮ್ಮಂಗೆ ಪಗರ ನಾನು ಅಂತ ಹೇಳಿದ್ದು ಕಣೇ,” ಎಂದೆ. ಮಲಯಾಳದಲ್ಲಿ ‘ಬದಲಿಗೆ’ ಎಂದರೆ ಪಗರ; ಆ ಒಂದೇ ಮಾತಿನಲ್ಲಿ ನಾವು ಬಲ್ಬನ್ನೂ ಬದಲಿಸುತ್ತೇವೆ, ನೆರೆಯವರ ಪರವಾಗಿ ಸಂಘದ ಮೀಟಿಂಗಿಗೂ ಹೋಗುತ್ತೇವೆ.

“ಚೀನೀಲಿ ಎರಡಕ್ಕೂ ಬೇರೆ ಬೇರೆ ಮಾತು, ಚೇಚಿ. ನಿಮಗೆ ಬೇಕಿರೋದು ಬರೀ ಥೀ. ಆದ್ರೆ ಅದರ ಹಿಂದೇನೇ ಒಂದು ಕೆಲಸ ಹೇಳ್ಬೇಕು. ಅಮ್ಮನ ಪರವಾಗಿ ನೀರು ತಂದೆ, ಅಮ್ಮನ ಪರವಾಗಿ ಬಾಗಿಲು ಹಾಕಿದೆ, ಹೀಗೆ. ಆಗ ಅಮ್ಮ ಎಲ್ಲೂ ಹೋಗಲ್ಲ. ಕೈ ಮಾತ್ರ ನಮ್ಮದು.”

ನಾನು ಅವಳ ಕೈ ಹಿಡಿದೆ. “ಹಂಗಾದ್ರೆ ವೋ ಥೀ ಮಾಮಾ ಛೀ ಅಂದ್ರೆ?”

“ಛೀ ಅಂದ್ರೆ ತಿನ್ನೋದು. ಅಮ್ಮನ ಪರವಾಗಿ ನಾನು ತಿಂತೀನಿ.” ಹೇಳುತ್ತ ಗೀತು ತಾನೇ ನಿಂತುಬಿಟ್ಟಳು. “ಯಾರು ಹಾಗಂದ್ರು?”

ನಾನು ಕೋಣೆಯ ಕಡೆ ಕೈ ತೋರಿಸಿದೆ. ಗೀತು ಒಳಗೆ ಹೋಗಿ ಶಾಲಿನ ಪಕ್ಕ ನೆಲದ ಮೇಲೆ ಕೂತು, ಮೆಲ್ಲಗೆ ಅವರ ಭಾಷೆಯಲ್ಲಿ ಮಾತಾಡಿಸಿದಳು. ಬಹಳ ಹೊತ್ತಿನ ಮೇಲೆ ಶಾಲಿನೊಳಗಿನಿಂದ ದನಿ ಬಂತು. ಹೊರಡುವ ದಿನ ಅಮ್ಮ ಹೇಳಿದ್ದಳಂತೆ: ನನಗೆ ಈಗ ತಿನ್ನಲಾಗುವುದಿಲ್ಲ, ಅಲ್ಲಿ ಅಜ್ಜಿಯ ಮನೆಯಲ್ಲಿ ನನ್ನ ಪರವಾಗಿಯೂ ಸ್ವಲ್ಪ ತಿನ್ನು. ಅದಕ್ಕೆ ಒಂದು ಚಮಚ ತನಗೆ, ಒಂದು ಚಮಚ ಅಮ್ಮನಿಗೆ. ಅವಳು ನೋಡುತ್ತಿದ್ದದ್ದು ಧರಣೇಂದ್ರರ ಮೀಸೆಯನ್ನಲ್ಲ. ಅವರ ತಲೆಯ ಹಿಂದಿನ ಗೂಡಿನಲ್ಲಿ ನಿಲ್ಲಿಸಿಟ್ಟಿದ್ದ ನನ್ನ ಫೋನನ್ನು. ಪ್ರಸನ್ನ ವಿಡಿಯೋ ಕಾಲ್ ಮಾಡಿದಾಗ ಅಮ್ಮನ ಮುಖ ಬರುತ್ತಿದ್ದದ್ದು ಅದರಲ್ಲೇ.

ಧರಣೇಂದ್ರ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. “ಮೀಸೆ ಹೋದ್ರೆ ಹೋಗ್ಲಿ,” ಎಂದು ಬೇರೆ ಕಡೆ ತಿರುಗಿ ಮೂಗು ಒರೆಸಿಕೊಂಡರು. ಅವ್ವ ಮಾತ್ರ, “ಒಬ್ರ ಹಸಿವು ಇನ್ನೊಬ್ರು ಉಣ್ಣೋಕಾಗ್ತದಾ? ಒಬ್ರ ಕರ್ಮ ಇನ್ನೊಬ್ರು ಕಳೆಯೋಕಾಗ್ತದಾ? ಅವರವರ ಪಾಲು ಅವರವರೇ ಉಣ್ಬೇಕು,” ಎಂದಳು. ನಮ್ಮ ಧರ್ಮ ಹೇಳುವುದು ಅದನ್ನೇ, ಸುಳ್ಳಲ್ಲ. ಆದರೂ ನನಗೆ ರೇಗಿತು. “ಮಗುವಿಗೆ ಈಗ ಧರ್ಮ ಬೇಡ, ಅನ್ನ ಬೇಕು,” ಎಂದೆ.

ಗೀತು ಹೋದ ಮೇಲೆ ಹಗಲೇ ಕಣ್ಣು ಎಳೆಯಿತು. ಕನಸಿನಲ್ಲಿ ಮಾನಂದವಾಡಿ ಬಸ್ ಸ್ಟ್ಯಾಂಡು. ಬಸ್ಸಿನ ಒಳಗೂ ಮಂಜು, ಸೀಟುಗಳ ಮೇಲೆಲ್ಲ ಕಾಫಿ ಹೂ. ಕಿಟಕಿಯಿಂದ ಯಾರೋ ಸೀಟಿಗೆ ಟವೆಲ್ ಹಾಕಿದ್ದರು. ಆ ಟವೆಲ್ ನಾನೇ ಆಗಿದ್ದೆ. ಹತ್ತಿದವರೆಲ್ಲ ಬಗ್ಗಿ ಕೇಳುತ್ತಿದ್ದರು, “ಇಲ್ಲಿ ಆಳಿದ್ದಾರಾ?” ನಾನು ಹೇಳುತ್ತಿದ್ದೆ, “ಇದ್ದಾರೆ. ಬರ್ತಾರೆ.” ಬಸ್ಸು ಹೊರಡುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಎಷ್ಟು ಜನ ಕೇಳಿದರೂ ನನಗೆ ಬೇಸರವಾಗಲಿಲ್ಲ. ಎಚ್ಚರವಾದಾಗ ಥೀ ಎಂಬ ಶಬ್ದ ಬಾಯಲ್ಲಿ ತಾನಾಗಿ ಕೂತಿತ್ತು.

ಬಾಚಣಿಗೆ ಹಿಡಿದು ಆನ್‌ಆನ್‌ಳ ಹಿಂದೆ ಕೂತೆ. ಹೋಗುವ ಮುನ್ನ ಗೀತು ಬರೆದುಕೊಟ್ಟಿದ್ದ ವಾಕ್ಯವನ್ನು ನೋಡಿಕೊಳ್ಳಲಿಲ್ಲ. “ವೋ ಥೀ ಮಾಮಾ ಶೂ ಥೋ,” ಎಂದೆ. ಅಮ್ಮನ ಪರವಾಗಿ ತಲೆ ಬಾಚುತ್ತೇನೆ.

ಶಾಲು ಅಲ್ಲಾಡಿತು. ಒಂದು ಕಣ್ಣು ಕಾಣಿಸಿತು. ಅವಳು ನನ್ನ ಮುಖದಲ್ಲಿ ಏನನ್ನೋ ಹುಡುಕಿ, ಶಾಲನ್ನು ತಾನೇ ಹೆಗಲಿಗೆ ಇಳಿಸಿ ಬೆನ್ನು ತಿರುಗಿಸಿ ಕೂತಳು. ಗಂಟು ಬಿಡಿಸಲು ಸಂಜೆಯವರೆಗೂ ಬೇಕಾಯಿತು. ಒಣಗಿದ ಕಾಫಿ ಹೂಗಳು ಒಂದೊಂದಾಗಿ ಉದುರಿದವು. ಮಧ್ಯದಲ್ಲಿ ಅವಳು, “ಗೂಗು,” ಎಂದಳು, ಅಷ್ಟೇ. ನಾನು ಅಷ್ಟು ಸುಖವಾಗಿ ಎಂದೂ ಕೂತಿರಲಿಲ್ಲ. ಆ ಸಂಜೆ ಧರಣೇಂದ್ರ ತಟ್ಟೆ ಹಿಡಿದು ಜಗಲಿಯಿಂದ ಮೇಜಿಗೆ ಮರಳಿದರು. ಒಂದು ಚಮಚ ಅವಳಿಗೆ, ಒಂದು ಚಮಚ ಅಮ್ಮನಿಗೆ. ಪ್ರತಿ ಎರಡನೇ ಚಮಚಕ್ಕೆ ಇವರು ಪಕ್ಕಕ್ಕೆ ಸರಿದು ಫೋನ್ ಕಾಣುವಂತೆ ಮಾಡುತ್ತಿದ್ದರು.

ಚಿಕಿತ್ಸೆ ಮುಗಿದು ಆಪರೇಷನ್ ದಿನ ಬಂತು. ಬೆಳಿಗ್ಗೆ ತಿಂಡಿಗೆ ಕರೆದರೆ ಅವ್ವ ದೇವರ ಕೋಣೆಯಿಂದ ಹೊರಬರಲಿಲ್ಲ. ಮಧ್ಯಾಹ್ನವೂ ಇಲ್ಲ. ನೀರು ಕೊಟ್ಟರೆ ಕೈಯಾಡಿಸಿದಳು. ಅಷ್ಟಮಿಯೂ ಅಲ್ಲ, ಚತುರ್ದಶಿಯೂ ಅಲ್ಲ.

“ಅವ್ವಾ, ಇದ್ಯಾವ ಉಪವಾಸ?”

“ಹಸಿವಿಲ್ಲ,” ಎಂದಳು. ಜಪಮಣಿ ಎಣಿಸುತ್ತಿದ್ದ ಬೆರಳು ನಿಂತಿತು. “ಅವಳ ಹೆಸ್ರು ಏನಂದೆ? ಶ್ಯೂ...?”

“ಶ್ಯೂಮೇ.”

“ಶ್ಯೂಮೇ,” ಎಂದು ಅವ್ವ ಹಲ್ಲಿಲ್ಲದ ಬಾಯಲ್ಲಿ ಮೆಲ್ಲಗೆ ಹೇಳಿ ನೋಡಿಕೊಂಡಳು. “ಹೆಸ್ರು ತಪ್ಪಿದ್ರೆ ಬೇರೆ ಯಾರಿಗೋ ಹೋಗ್ಬಿಡ್ತದೆ.”

“ಒಬ್ರ ಪರವಾಗಿ ಒಬ್ರು ಮಾಡೋಕಾಗಲ್ಲ ಅಂದೋಳು ನೀನೇ ಅಲ್ವಾ?”

“ಆಗಲ್ಲ. ನಂಗೊತ್ತು. ನೀನ್ ಸುಮ್ನಿರು.” ಕಣ್ಣು ಮುಚ್ಚಿಕೊಂಡಳು. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ, ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು.

ಆನ್‌ಆನ್ ಬಾಗಿಲಿನಿಂದ ಇಣುಕಿದಳು. ಅಪ್ಪನ ಅಮ್ಮನನ್ನು ಅವರಲ್ಲಿ ನೈನೈ ಎನ್ನುತ್ತಾರೆ. “ನೈನೈ ಪು ಛೀ?” ಎಂದು ಕೇಳಿದಳು. ಅಜ್ಜಿ ತಿನ್ನಲ್ವಾ? ನನಗೆ ಬರುತ್ತಿದ್ದ ಅಷ್ಟೂ ಚೀನೀಯನ್ನು ಒಟ್ಟುಗೂಡಿಸಿ ಹೇಳಿದೆ: “ನೈನೈ ಥೀ ಮಾಮಾ ಪು ಛೀ.” ಅಮ್ಮನ ಪರವಾಗಿ ಅಜ್ಜಿ ತಿನ್ನುತ್ತಿಲ್ಲ.

ಅವಳು ಬಹಳ ಯೋಚಿಸಿದಳು. ಆಮೇಲೆ ನನ್ನ ಸೆರಗು ಹಿಡಿದು ಮೇಜಿಗೆ ಕರೆದೊಯ್ದಳು. ಒಂದು ಚಮಚ ತನಗೆ ತಿಂದಳು. ಒಂದು ಅಮ್ಮನಿಗೆ. ಮೂರನೆಯದನ್ನು ಎತ್ತಿ ದೇವರ ಕೋಣೆಯ ಕಡೆ ತಿರುಗಿ, “ವೋ ಥೀ ನೈನೈ ಛೀ,” ಎಂದಳು. ಅರ್ಥ ಹೇಳಿದಾಗ ಅವ್ವನ ಕೆನ್ನೆಯ ಮೇಲೆ ನೀರು ಇಳಿಯಿತು. ಜಪಮಣಿ ಹಿಡಿದ ಕೈಯಿಂದ ಅದನ್ನು ಒರೆಸಿಕೊಳ್ಳುವ ಹಾಗಿರಲಿಲ್ಲ.

ಹೊತ್ತು ಮುಳುಗುವಾಗ ಪ್ರಸನ್ನ ಫೋನ್ ಮಾಡಿದ. “ಅಕ್ಕಾ, ಆಯ್ತು. ಹೊರಗೆ ತಂದ್ರು. ಕಣ್ಣು ಬಿಟ್ಲು.” ಕತ್ತಲಾಗಿದ್ದರಿಂದ ಅವ್ವ ನೀರನ್ನೂ ಮುಟ್ಟದೆ ಮರುದಿನದವರೆಗೆ ಹಾಗೇ ಇದ್ದಳು.

ತೋಟದ ಹೂಗಳು ಕಂದಾಗಿ ಉದುರಿ, ಸಣ್ಣ ಹಸಿರು ಕಾಯಿ ಮೊಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ವಿಡಿಯೋ ಕಾಲ್ ಬಂತು. ನಾವು ಊಟಕ್ಕೆ ಕೂತಿದ್ದೆವು. ಗೂಡಿನಲ್ಲಿ ಶ್ಯೂಮೇಯ ಮುಖ, ಸವೆದು ಸಣ್ಣಗಾಗಿತ್ತು. ಮೊದಲು ಅವ್ವನಿಗೆ ತಲೆ ಬಾಗಿಸಿದಳು. ಅವ್ವ “ಶ್ಯೂಮೇ” ಎಂದಳು, ಸರಿಯಾಗಿಯೇ. ಆಮೇಲೆ ಶ್ಯೂಮೇ ಒಂದು ಬಟ್ಟಲನ್ನು ತೋರಿಸಿದಳು. ತೆಳ್ಳಗಿನ ಗಂಜಿ. ಚಮಚ ಎತ್ತಿ ಮಗಳಿಗೆ ಹೇಳಿದಳು: “ಮಾಮಾ ತ್ಸಜೀ ಛೀ.”

ತ್ಸಜೀ ಎಂದರೆ ತಾನೇ ಎಂದು ಆ ಹೊತ್ತಿಗೆ ನಾನು ಕಲಿತಿದ್ದೆ. ಅಮ್ಮ ತಾನೇ ತಿನ್ನುತ್ತಾಳೆ. ಗಂಜಿ ಒಳಗೆ ಹೋಯಿತು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು. ಇಳಿಯಿತು. ಅವಳು ನಕ್ಕಳು.

ಸೀಟಿನ ಆಳು ಬಂದಾಯಿತು, ಇನ್ನು ಟವೆಲ್ ತೆಗೆಯಬೇಕು. ನನಗೆ ಸಂತೋಷವಾಯಿತು, ಸಂಕಟವೂ ಆಯಿತು. ಎರಡರಲ್ಲಿ ಯಾವುದೂ ಸುಳ್ಳಲ್ಲ.

ಆನ್‌ಆನ್‌ಳ ಕೈಯಲ್ಲಿ ಎರಡನೇ ಚಮಚ ಎತ್ತಿದ್ದು ಹಾಗೇ ನಿಂತಿತ್ತು. ಅಮ್ಮನ ಪಾಲಿನದು. ಅಮ್ಮ ತಾನೇ ತಿಂದ ಮೇಲೆ ಅದಕ್ಕೆ ಯಾರೂ ಇರಲಿಲ್ಲ. ಅವಳು ಚಮಚವನ್ನು ನೋಡಿದಳು, ಫೋನನ್ನು ನೋಡಿದಳು. ಆಮೇಲೆ, ಫೋನ್ ಕಾಣಲೆಂದು ಎಂದಿನಂತೆ ಪಕ್ಕಕ್ಕೆ ಸರಿದು ಕೂತಿದ್ದ ಧರಣೇಂದ್ರರ ಮುಖವನ್ನು ಮೊದಲ ಬಾರಿಗೆ ನಿಜವಾಗಿ ನೋಡಿದಳು. ಅವರ ತುಟಿಯ ಮೇಲೆ ಮೀಸೆ ಅರ್ಧ ಬೆಳೆದಿತ್ತು. ಅವಳು ಕುರ್ಚಿಯ ಮೇಲೆ ಮೊಣಕಾಲೂರಿ, ಮೇಜಿನ ಆಚೆಗೆ ಕೈ ಚಾಚಿ, ಅವ್ವನ ದನಿಯಲ್ಲೇ ಹೇಳಿದಳು:

“ಮಾಮಾ, ತಿನ್.”

ಇವರು ಬಾಯಿ ತೆರೆದರು.